ಮೊದಲು ಮಾತಾಡಿಸದವಳು

ಗುಬ್ಬಿ ಸಂತೆಯಲ್ಲಾಗಲಿ, ಕುಣಿಗಲ್ ಬಸ್ ಸ್ಟ್ಯಾಂಡಿನಲ್ಲಾಗಲಿ, ಎದುರಿಗೆ ಸಿಕ್ಕ ಹೆಂಗಸನ್ನು ಪ್ರಮೀಳಾ ತಾನಾಗಿ ಮಾತಾಡಿಸಿದ್ದನ್ನು ಕಂಡವರಿಲ್ಲ. ಎದುರಿನವಳೇ ನಿಂತು, "ಏನ್ ಪ್ರಮೀಳಕ್ಕ, ಚೆನ್ನಾಗಿದೀರಾ?" ಎಂದರೆ ಇವಳ ಮುಖ ಅರಳುತ್ತಿತ್ತು. ಅನ್ನದಿದ್ದರೆ ಲೈಟ್ ಕಂಬದ ಪಕ್ಕ ಹಾದುಹೋಗುವಂತೆ ಹಾದುಹೋಗಿಬಿಡುತ್ತಿದ್ದಳು. ನೆಂಟರಿಷ್ಟರೆಲ್ಲ ಸೇರಿ ಇದಕ್ಕೆ ಧಿಮಾಕು ಎಂದು ಹೆಸರಿಟ್ಟಿದ್ದರು.

ಗಂಡ ನಾಗೇಶ್ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದು ನಿವೃತ್ತನಾದವನು. ಅವನಿಗೆ ಇದೊಂದು ತಮಾಷೆ. "ಗುರುತಿಲ್ದೋರ್ನೆಲ್ಲ ಮಾತಾಡಿಸಿ ನಾನು ಸಂಬಳ ತಗೊಂಡೆ. ಗುರುತಿರೋರ್ನೂ ಮಾತಾಡಿಸ್ದೆ ನೀನು ಸಂಬಳ ತಗೊಂಡೆ. ನಿಂದೇ ಸುಖದ ಕೆಲಸ ಕಣೇ" ಎನ್ನುತ್ತಿದ್ದ. ಪ್ರಮೀಳಾ ನಕ್ಕು ಸುಮ್ಮನಾಗುತ್ತಿದ್ದಳು. ಅವಳ ಕೆಲಸ ಏನೆಂಬುದು ಅವನಿಗೂ ಅರ್ಧಂಬರ್ಧ ಗೊತ್ತಿತ್ತು. ಯಾರ ಜೊತೆ ಎಂಬುದು ಮಾತ್ರ ಗೊತ್ತಿರಲಿಲ್ಲ.

ಆ ಕೆಲಸ ಶುರುವಾಗಿ ಇಪ್ಪತ್ತೆರಡು ವರ್ಷವಾಗಿತ್ತು. ಕುಣಿಗಲ್ ಕಡೆಯ ಡಾಕ್ಟರ್ ಗಂಗಾಂಬಿಕೆ ದೊಡ್ಡಾಸ್ಪತ್ರೆಯ ನೌಕರಿ ಬಿಟ್ಟು, ತುಮಕೂರಿನ ಉಪ್ಪಾರಹಳ್ಳಿಯಲ್ಲಿ ಒಂದು ಬಾಡಿಗೆ ಮನೆ ಹಿಡಿದು, ಎರಡು ಮೇಜು ಒಂದು ಬೀರು ಹಾಕಿಕೊಂಡು ಕೂತರು. ಅವರನ್ನು ಒಂದೇ ಪ್ರಶ್ನೆ ಕಾಡುತ್ತಿತ್ತು. ಗುಬ್ಬಿ, ಕುಣಿಗಲ್ ಸುತ್ತಿನ ಹಳ್ಳಿಗಳಲ್ಲಿ ಮೂವತ್ತೈದು ದಾಟದ ಹೆಂಗಸರಿಗೆಲ್ಲ ಗರ್ಭಕೋಶ ಯಾಕೆ ಇಲ್ಲ? ಬಿಳಿಸೆರಗು ಎಂದು ಹೋದವಳಿಗೂ ತೆಗೆದಿದ್ದರು, ಸೊಂಟ ನೋವು ಎಂದು ಹೋದವಳಿಗೂ ತೆಗೆದಿದ್ದರು. ಒಂದು ಸ್ಕ್ಯಾನಿಂಗ್ ಮಾಡಿಸಿ, "ಬಿಟ್ರೆ ಕ್ಯಾನ್ಸರ್ ಆಗುತ್ತೆ" ಎಂದು ಹೆದರಿಸಿ, ಮೂರನೇ ದಿನಕ್ಕೆ ಹೊಟ್ಟೆ ಕೊಯ್ದು ಮುಗಿಸಿರುತ್ತಿದ್ದರು. ಎಷ್ಟು ಜನಕ್ಕೆ ಹೀಗಾಗಿದೆ, ಆಮೇಲೆ ಅವರ ಮೈ, ಮೂಳೆ ಏನಾಗಿದೆ, ಯಾರೂ ಕೇಳಿರಲಿಲ್ಲ. ಕೇಳಲು ಡಾಕ್ಟರಿಗೆ ಒಬ್ಬ ಹೆಂಗಸು ಬೇಕಿತ್ತು. ಪಿಯುಸಿ ಓದಿ, ಮಗನನ್ನು ಸ್ಕೂಲಿಗೆ ಕಳಿಸಿ, ಮನೆಯಲ್ಲಿ ಬೇಳೆ ಆರಿಸುತ್ತ ಕೂತಿದ್ದ ಪ್ರಮೀಳಾ ಸಿಕ್ಕಳು.

ಮೊದಲ ದಿನವೇ ಡಾಕ್ಟರು ಅವಳಿಗೆ ಬೀರುವಿನ ಕೀಲಿ ಕೊಟ್ಟರು. "ನೋಡಮ್ಮ, ಫಾರಂ ಮೇಲೆ ನಂಬರ್ ಮಾತ್ರ ಬರೀಬೇಕು. ಯಾವ ನಂಬರ್ ಯಾರು ಅನ್ನೋದು ನಿನ್ನ ಪುಸ್ತಕದಲ್ಲಿರ್ಲಿ. ಹೆಸರು ನಿನ್ನ ಹತ್ರ, ಕತೆ ನನ್ನ ಹತ್ರ. ಎರಡೂ ಒಂದೇ ಕಡೆ ಇಡಬಾರ್ದು" ಎಂದರು. ನಲವತ್ತಾರು ಹಳ್ಳಿ ಸುತ್ತಿ, ಮುನ್ನೂರ ಹನ್ನೆರಡು ಹೆಂಗಸರ ಮುಂದೆ ಕೂತು, ಪ್ರಮೀಳಾ ಆ ಮಾತನ್ನು ಉಳಿಸಿಕೊಂಡಳು. ಅದಕ್ಕೆ ತನ್ನದೂ ಒಂದು ನೇಮ ಸೇರಿಸಿದಳು. ದಾರಿಯಲ್ಲಿ ಸಿಕ್ಕರೆ ಮೊದಲು ಮಾತಾಡಿಸಕೂಡದು. ಮಾತಾಡಿಸಿದರೆ ಪಕ್ಕದಲ್ಲಿರುವ ಅತ್ತೆ, "ಯಾರೇ ಅದು?" ಎನ್ನುತ್ತಾಳೆ. ಆ ಬಡಪಾಯಿ ಸುಳ್ಳು ಹುಡುಕಬೇಕು.

ಸುಳ್ಳಿಗೇನೂ ಕಡಿಮೆಯಿರಲಿಲ್ಲ. ಪ್ರಮೀಳಾ ಯಾರೆಂದು ಆ ಹೆಂಗಸರು ತಂತಮ್ಮ ಮನೆಯಲ್ಲಿ ಒಂದೊಂದು ಹೇಳಿಕೊಂಡಿದ್ದರು. ಒಂದು ಮನೆಯಲ್ಲಿ ಅವಳು ಹೊಲಿಗೆ ಟೀಚರ್. ಇನ್ನೊಂದರಲ್ಲಿ ಎಲ್‌ಐಸಿಯವಳು. ಗೂಳೂರಿನ ಹತ್ತಿರದ ಒಂದು ಮನೆಯಲ್ಲಿ ಗಣಪತಿ ಪೂಜೆಗೆ ಚಂದಾ ಎತ್ತುವವಳು. ಅಲ್ಲಿ ಪಾಪ, ಯಜಮಾನರು ಪ್ರತಿ ಸಲವೂ ಚಂದಾ ಕೊಡಲು ಬಂದು, ಪ್ರಮೀಳಾ ಬೇಡವೆಂದು ಒದ್ದಾಡಬೇಕಾಗಿತ್ತು. ಯಾವ ಮನೆಯಲ್ಲಿ ತಾನು ಯಾರು ಎಂಬುದನ್ನು ಹೊಸಿಲು ದಾಟುವ ಮೊದಲೇ ನೆನಪು ಮಾಡಿಕೊಂಡು ಅವಳು ಒಳಗೆ ಕಾಲಿಡುತ್ತಿದ್ದಳು.

ಅವಳು ತಂದ ಕತೆಗಳನ್ನು ಗಂಗಾಂಬಿಕೆ ಡಾಕ್ಟರು ಹಿಡಿದುಕೊಂಡು ಹೋಗದ ಬಾಗಿಲಿಲ್ಲ. ಬೆಂಗಳೂರಿನ ಸಮಿತಿಗಳ ಮುಂದೆ ನಿಂತರು. ಸ್ವಂತ ವೃತ್ತಿಯವರಿಂದಲೇ 'ಮನೆಮುರುಕಿ' ಅನ್ನಿಸಿಕೊಂಡರು. ಒಬ್ಬ ವಕೀಲರು ಬಂದು, "ಹೆಂಗಸರ ಹೆಸರು ಕೊಡಿ, ಇಲ್ಲದಿದ್ದರೆ ಇದೆಲ್ಲ ಕಟ್ಟುಕತೆ ಅಂತೀವಿ" ಎಂದಾಗ, "ನನಗೆ ಒಬ್ಬಳ ಹೆಸರೂ ಗೊತ್ತಿಲ್ಲ" ಎಂದು ಸತ್ಯವನ್ನೇ ಹೇಳಿದರು. ಅದೇ ವಾರ ಯಾರೋ ಒಬ್ಬರು ಪ್ರಮೀಳಾಳ ಮನೆಗೆ ಮೈಸೂರು ಪಾಕಿನ ಡಬ್ಬ ಹಿಡಿದು ಬಂದು ನಯವಾಗಿ ಅದನ್ನೇ ಕೇಳಿದರು. ಅವಳು ಡಬ್ಬವನ್ನು ಅವರ ಸ್ಕೂಟರಿನ ಸೀಟಿನ ಮೇಲಿಟ್ಟು ಬಾಗಿಲು ಹಾಕಿಕೊಂಡಳು. ಒಂಬತ್ತು ವರ್ಷ ಹಿಡಿಯಿತು. ಕೊನೆಗೆ, ಸಣ್ಣ ವಯಸ್ಸಿನವಳ ಗರ್ಭಕೋಶ ತೆಗೆಯಬೇಕಾದರೆ ಇನ್ನೊಬ್ಬ ಡಾಕ್ಟರ ಒಪ್ಪಿಗೆ ಇರಬೇಕು, ಕಾರಣವನ್ನು ಕನ್ನಡದಲ್ಲಿ ಬರೆದು ಅವಳ ಕೈಗೆ ಕೊಡಬೇಕು ಎಂಬ ಆದೇಶ ಬಂತು. ಆ ದಿನ ಡಾಕ್ಟರು ಆಫೀಸಿಗೆ ತಟ್ಟೆ ಇಡ್ಲಿ ತರಿಸಿದರು. ಇಬ್ಬರೇ ತಿಂದರು. ಅದೇ ಹಬ್ಬ.

ಈಗ ಗಂಗಾಂಬಿಕೆಯವರಿಗೆ ಎಪ್ಪತ್ತನಾಲ್ಕು. ಕೈ ನಡುಗುತ್ತದೆ, ಲೋಟವನ್ನು ಎರಡೂ ಕೈಯಲ್ಲಿ ಹಿಡಿಯಬೇಕು. ಈ ಡಿಸೆಂಬರಿನಲ್ಲಿ ಊರಿನ ಒಂದು ಸೇವಾ ಸಂಸ್ಥೆಯವರು ಅವರನ್ನು ಸನ್ಮಾನಿಸುವುದೆಂದು ತೀರ್ಮಾನಿಸಿದರು. ಅದರ ಕಾರ್ಯದರ್ಶಿ ಅನಂತರಾಜು ಬೋರ್‌ವೆಲ್ ಮೋಟಾರಿನ ಅಂಗಡಿಯವನು, ಧಾರಾಳ ಮನಸ್ಸಿನವನು, ಗಟ್ಟಿ ಗಂಟಲಿನವನು. ಆಮಂತ್ರಣ ಪತ್ರಿಕೆ ಹಿಡಿದು ಅವನೇ ಆಫೀಸಿಗೆ ಬಂದ.

"ಮೇಡಂ, ಅರ್ಧ ಗಂಟೆ ಫುಲ್ ನಿಮ್ದೇ. ಆದ್ರೆ ಬರೀ ಶಾಲು ಹೊದಿಸಿ ಹಾರ ಹಾಕಿ ಕಳ್ಸಿದ್ರೆ ಏನ್ ಚೆನ್ನ? ಜನಕ್ಕೆ ಮುಟ್ಬೇಕು. ನಿಮ್ಮಿಂದ ಉಪಕಾರ ಆಗಿರೋ ಒಂದ್ ಮೂರ್ ಜನ ಹೆಂಗಸ್ರು ಸ್ಟೇಜ್ ಮೇಲೆ ಬಂದು ನಾಕ್ ಮಾತಾಡ್ಲಿ. ಟಿವಿಯೋರೂ ಬರ್ತಾರೆ. 'ಫಲಾನುಭವಿಗಳ ಅನಿಸಿಕೆ' ಅಂತ ಕಾರ್ಡಲ್ಲೇ ಹಾಕ್ಸಿಬಿಟ್ಟಿದೀನಿ, ನೋಡಿ."

ಡಾಕ್ಟರು ಕಾರ್ಡನ್ನು ಕಣ್ಣಿಗೆ ಹತ್ತಿರ ಹಿಡಿದು ಓದಿ, ನಕ್ಕರು. "ನನ್ನ ಕೇಳಿ ಪ್ರಯೋಜನ ಇಲ್ಲ ಅನಂತರಾಜು. ಅವರ್ಯಾರೂ ನಂಗೆ ಗೊತ್ತಿಲ್ಲ. ಪ್ರಮೀಳಂಗೆ ಗೊತ್ತು. ಅವಳು ಹೇಳಲ್ಲ."

"ಏನಕ್ಕ?" ಅನಂತರಾಜು ಇವಳ ಕಡೆ ತಿರುಗಿದ. "ಮೂರೇ ಜನ. ಬೇಕಾದ್ರೆ ಕಾರ್ ಕಳ್ಸಿ ಕರೆಸ್ತೀನಿ, ಸೀರೆ ಕೊಡಿಸ್ತೀನಿ."

"ಆಗಲ್ಲ ಅನಂತರಾಜು. ಹೆಸರು ಹೊರಗೆ ಬರಲ್ಲ ಅಂತ ಮಾತು ಕೊಟ್ಟಿದೀನಿ."

"ಹಂಗಂದ್ರೆ ಹೆಂಗಕ್ಕ? ಕೆರೆ ಹೂಳೆತ್ತಿಸಿದ ಸದಾಶಿವಯ್ಯನೋರಿಗೂ ಅವತ್ತೇ ಸನ್ಮಾನ ಇದೆ. ಅವರ ಕಡೆಯಿಂದ ಅರವತ್ತು ಜನ ಬರ್ತಾವ್ರೆ. ಇಲ್ಲಿ ಯಾರೂ ಇಲ್ಲಾಂದ್ರೆ ಟೈಮೆಲ್ಲ ಅವರಿಗೇ ಕೊಟ್ಬಿಡು ಅಂತಾರೆ ಕಮಿಟಿಯೋರು. ಮೇಡಂಗೆ ಐದ್ ನಿಮಿಷ ಸಿಕ್ರೆ ಹೆಚ್ಚು. ಇಷ್ಟು ದೊಡ್ಡ ಕೆಲಸ ಮಾಡಿದೋರಿಗೆ ಐದ್ ನಿಮಿಷವಾ? ಯೋಚ್ನೆ ಮಾಡಿ."

ಅವನು ಹೋದ ಮೇಲೆ ಡಾಕ್ಟರು ಕಾರ್ಡನ್ನು ಮಡಿಸಿ ಮೇಜಿನ ಮೇಲಿಟ್ಟರು. ಆಮೇಲೆ, ಯಾರಿಗೂ ಹೇಳದಂತೆ, ಕಿಟಕಿಗೆ ಹೇಳಿದಂತೆ ಹೇಳಿದರು. "ಐದು ನಿಮಿಷ ಸಾಕು ಕಣೇ ನಂಗೆ. ಆದ್ರೆ ಒಂದೊಂದ್ಸಲ ಅನ್ಸುತ್ತೆ, ಮುನ್ನೂರು ಜನರ ಮೈಯೊಳಗೆ ಏನೇನಾಯ್ತು ಅಂತ ಗೊತ್ತು, ಒಬ್ಬಳ ಮುಖಾನೂ ನೋಡಿಲ್ಲ ನಾನು. ಆ ಹದಿನೇಳು ಹೇಗಿದಾಳೋ."

ಹದಿನೇಳನೆಯ ನಂಬರಿನವಳು ಯಾರೆಂದು ಪ್ರಮೀಳಾಳಿಗೆ ಪುಸ್ತಕ ತೆಗೆಯದೆಯೂ ಗೊತ್ತಿತ್ತು. ಗುಬ್ಬಿಯಿಂದ ಆಚೆ, ಬಸ್ಸು ನಿಲ್ಲುವ ಗೇಟಿನಲ್ಲಿ ಇಳಿದು ಒಂದು ಮೈಲಿ ನಡೆದರೆ ಸಿಗುವ ಊರಿನ ಪುಟ್ಟತಾಯಮ್ಮ. ಇಪ್ಪತ್ತೆಂಟನೆಯ ವಯಸ್ಸಿಗೆ ಗರ್ಭಕೋಶ ಕಳೆದುಕೊಂಡವಳು. ಆಪರೇಷನ್ ಆದದ್ದು ತವರಿನಲ್ಲಿದ್ದಾಗ. ಅದು ಅಪೆಂಡಿಕ್ಸ್ ಎಂದೇ ಗಂಡನ ಮನೆಯವರು ಇಂದಿಗೂ ನಂಬಿದ್ದರು.

ಆ ವಾರವೆಲ್ಲ ಡಾಕ್ಟರ ಆ ಮಾತು ಪ್ರಮೀಳಾಳ ಕಿವಿಯಲ್ಲೇ ಉಳಿಯಿತು. ತಾನು ಉಳಿಸಿಕೊಂಡ ಮಾತು ದೊಡ್ಡದೋ, ಇಪ್ಪತ್ತೆರಡು ವರ್ಷ ಅದನ್ನು ತನ್ನ ಕೈಗೆ ನಂಬಿ ಕೊಟ್ಟವರ ಒಂದು ಆಸೆ ದೊಡ್ಡದೋ? ಮುಂದಿನ ವರ್ಷಕ್ಕೆ ಅವರು ಹೇಗಿರುತ್ತಾರೋ ಯಾರು ಬಲ್ಲರು. ಒಬ್ಬಳನ್ನು, ಒಬ್ಬಳನ್ನೇ, ಸುಮ್ಮನೆ ಕೇಳಿ ನೋಡಿದರೆ ತಪ್ಪೇನು? ಬೇಡವೆಂದರೆ ಬಂದುಬಿಡುವುದು. ಹೀಗೆ ತನಗೆ ತಾನೇ ಸಮಾಧಾನ ಹೇಳಿಕೊಂಡು, ಶುಕ್ರವಾರ ಬೆಳಿಗ್ಗೆ ಗುಬ್ಬಿ ಬಸ್ಸು ಹತ್ತಿದಳು. ನಾಗೇಶ್‌ಗೆ ಹೇಳಲಿಲ್ಲ.

ಗೇಟಿನಲ್ಲಿ ಇಳಿದು ತೆಂಗಿನ ತೋಟದ ಬದಿಯಲ್ಲಿ ನಡೆಯುವಾಗ ಅವಳ ತಲೆಯಲ್ಲಿ ಒಂದೇ ಯೋಚನೆ, ಹೇಗೆ ಕೇಳುವುದು. ಪುಟ್ಟತಾಯಮ್ಮನ ಮನೆಯ ಜಗಲಿಯ ಮೇಲೆ ಸೊಸೆ ಪ್ರೇಮಲತಾ ನೆನೆಸಿದ ಅವರೆಕಾಳಿನ ಪಾತ್ರೆ ಮುಂದಿಟ್ಟುಕೊಂಡು ಹಿತುಕುತ್ತಿದ್ದಳು. ಮದುವೆಯಾಗಿ ಬಂದು ಏಳೆಂಟು ವರ್ಷವಾದ, ಚುರುಕು ಕಣ್ಣಿನ ಹುಡುಗಿ.

"ಯಾರು ಬೇಕಿತ್ತು?"

"ಪುಟ್ಟತಾಯಮ್ಮ ಇದಾರಾ? ನಾನು ಪ್ರಮೀಳಾ, ಹೊಲಿಗೆ ಟೀಚರ್."

ಪ್ರೇಮಲತಾ ಕೈ ನಿಲ್ಲಿಸಿದಳು. "ಹೊಲ್ಗೆ ಟೀಚರ್ರಾ? ನಮ್ಮತ್ತೆ ಸೂಜಿಗೆ ದಾರ ಪೋಣಿಸಕ್ಕೂ ನನ್ನೇ ಕೂಗ್ತಾರೆ. ಅವ್ರು ಯಾವಾಗ ಹೊಲ್ಗೆ ಕಲ್ತ್ರು?"

ಈ ಮನೆಯಲ್ಲಿ ಪ್ರಮೀಳಾ ಹೊಲಿಗೆ ಟೀಚರ್ ಆಗಿರಲಿಲ್ಲ. ಹೊಲಿಗೆ ಟೀಚರ್ ಆಗಿದ್ದುದು ಪಕ್ಕದ ಊರಿನ ಮನೆಯಲ್ಲಿ. ಇಲ್ಲಿ ಯಾರಾಗಿದ್ದೆ? ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ಹೀಗೆ ತಪ್ಪಿರಲಿಲ್ಲ. ಹೊಸಿಲಲ್ಲಿ ನಿಂತು ನೆನಪು ಮಾಡಿಕೊಳ್ಳುವ ಅಭ್ಯಾಸವೇ ಇಂದು ಮರೆತುಹೋಗಿತ್ತು. ಯಾಕೆಂದರೆ ಇಂದು ಅವಳು ಕೇಳಿಸಿಕೊಳ್ಳಲು ಬಂದಿರಲಿಲ್ಲ, ಕೇಳಿ ಪಡೆಯಲು ಬಂದಿದ್ದಳು.

ಅಷ್ಟರಲ್ಲಿ ಹಿತ್ತಿಲಿನಿಂದ ಪುಟ್ಟತಾಯಮ್ಮನೇ ಒದ್ದೆ ಕೈ ಒರೆಸಿಕೊಳ್ಳುತ್ತ ಬಂದಳು. ಐವತ್ತು ದಾಟಿದ, ಬತ್ತಿದ ಮೈಯ, ಆದರೆ ನೆಟ್ಟಗೆ ನಡೆಯುವ ಹೆಂಗಸು. ಒಂದು ಗಳಿಗೆ ಇಬ್ಬರನ್ನೂ ನೋಡಿದಳು.

"ಅಯ್ಯೋ, ನಮ್ ಬೆಳ್ಳಾವಿ ಪ್ರಮೀಳಕ್ಕ ಕಣೇ! ನಮ್ಮ ಚಿಕ್ಕವ್ವನ ನಾದ್ನಿ. ಊರೋರ್ಗೆಲ್ಲ ಹೊಲ್ಗೆ ಹೇಳ್ಕೊಡ್ತಾಳೆ. ನಂಗೂ ಹೇಳ್ಕೊಡಕ್ಕೆ ಬಂದಿದ್ಲು ಒಂದ್ಸಲ, ಈ ಒಡ್ಡುಗೈಗೆ ಹತ್ತಲಿಲ್ಲ ಬುಡು. ಬಾರಕ್ಕ, ಕೂತ್ಕೊ."

ಎರಡು ಸುಳ್ಳನ್ನೂ ಒಂದೇ ದಾರದಲ್ಲಿ ಹೊಲಿದು ಮುಗಿಸಿದ್ದಳು ಸೂಜಿ ಹಿಡಿಯಲು ಬಾರದವಳು.

ಕಾಫಿ ಬಂತು. ಪ್ರಮೀಳಾಳೂ ಒಂದು ಬೊಗಸೆ ಕಾಳು ತೆಗೆದುಕೊಂಡು ಹಿತುಕಲು ಕೂತಳು. ಬೆರಳಿನ ತುದಿಯಲ್ಲಿ ಒತ್ತಿದರೆ ಬೇಳೆ ಚಿಮ್ಮಿ ಪಾತ್ರೆಗೆ ಬೀಳುತ್ತದೆ, ಸಿಪ್ಪೆ ಕೈಯಲ್ಲಿ ಉಳಿಯುತ್ತದೆ. ಕೈಗೆ ಕೆಲಸವಿದ್ದಾಗ ಬಾಯಿ ಹಗುರವಾಗುವುದನ್ನು ಅವಳು ಎಷ್ಟೋ ಜಗಲಿಗಳ ಮೇಲೆ ಕಂಡಿದ್ದಳು. ಈ ಸಲ ಮಾತು ಶುರುಮಾಡಿದ್ದು ಸೊಸೆ.

"ನಮ್ಮತ್ತೆ ಸಾಮಾನ್ಯದೋರಲ್ಲ ಅಕ್ಕ. ಹೋದ ವರ್ಷ ನಂಗೆ ತಿಂಗಳು ತಿಂಗಳು ಹೊಟ್ಟೆನೋವು, ಮುಟ್ಟು ನಿಲ್ತಾನೇ ಇರ್ಲಿಲ್ಲ. ಒಂದ್ ಪ್ರೈವೇಟ್ ಆಸ್ಪತ್ರೆಗೆ ಹೋದ್ರೆ ಗರ್ಭಕೋಶ ತೆಗ್ಸಿ ಅಂದ್ಬಿಟ್ರು. ನಂಗೆ ಇಪ್ಪತ್ತೊಂಬತ್ತು! ನಮ್ಮೆಜಮಾನ್ರು ಹ್ಞೂಂ ಅಂದೂಬಿಟ್ಟಿದ್ರು. ಅತ್ತೆ ಅಲ್ಲೇ ಎದ್ದ್ ನಿಂತ್ರು ನೋಡಿ. 'ಯಾಕೆ ತೆಗೀಬೇಕು, ಕಾರಣ ಬರ್ದ್ ಕೊಡಿ ಸ್ವಾಮಿ. ಕನ್ನಡದಲ್ಲಿ ಬರ್ದ್ ಕೊಡಿ, ಇನ್ನೊಬ್ಬ ಡಾಕ್ಟ್ರಿಗೆ ತೋರ್ಸಿ ಬತ್ತೀವಿ' ಅಂದ್ರು. ಡಾಕ್ಟ್ರಿಗೆ ಕೋಪ ಬಂತು. ಇವ್ರು ಕದಲಲಿಲ್ಲ. ತುಮಕೂರಿಗೆ ಕರ್ಕೊಂಡ್ ಹೋದ್ರು. ಆರ್ ತಿಂಗಳು ಮಾತ್ರೆ ತಗೊಂಡೆ ಅಷ್ಟೇ. ಈಗ ಏನೂ ಇಲ್ಲ." ಅವಳು ಅತ್ತೆಯ ಕಡೆ ನೋಡಿ ನಕ್ಕಳು. "ಸೈನ್ ಹಾಕಕ್ಕೆ ಮಾತ್ರ ಬರೋದು ಇವ್ರಿಗೆ. ಇವೆಲ್ಲ ಯಾರ್ ಹೇಳ್ಕೊಟ್ರೋ."

ಪುಟ್ಟತಾಯಮ್ಮ ತಲೆಯೆತ್ತಲಿಲ್ಲ. ಕಾಳು ಹಿತುಕುತ್ತಲೇ ಇದ್ದಳು. "ಯಾರೋ ಹೇಳಿದ್ರು ಬುಡು" ಎಂದಳು.

ಬೆಂಗಳೂರಿನಿಂದ ಬಂದ ಆ ಆದೇಶದ ಪ್ರತಿ ಆಫೀಸಿನ ಗೋಡೆಯ ಮೇಲಿದೆ, ಧೂಳು ಹಿಡಿದಿದೆ. ಅದರ ಕಾಲು ಎಷ್ಟು ದೂರ ನಡೆದಿದೆಯೆಂದು ಪ್ರಮೀಳಾ ಈ ಜಗಲಿಯ ಮೇಲೆ ಕಂಡಳು. ಅದನ್ನು ಇಲ್ಲಿಯವರೆಗೆ ಹೊತ್ತು ತಂದದ್ದು ಸರ್ಕಾರವಲ್ಲ. ಯಾರಿಗೂ ಏನೂ ಹೇಳದೆ, ತನಗೆ ಆದದ್ದು ಇವಳಿಗೆ ಆಗದಿರಲಿ ಎಂದುಕೊಂಡ ಒಬ್ಬ ಅತ್ತೆ. ಸ್ಟೇಜು, ಟಿವಿ, ಮೂರು ಜನ ಎಂಬ ಮಾತನ್ನು ಈ ಹೆಂಗಸಿನ ಮುಂದೆ ಇಡಲು ಅವಳ ನಾಲಿಗೆ ಹೊರಳಲಿಲ್ಲ. ಕಾಳು ಮುಗಿಯಿತು. ಎದ್ದಳು.

ಗೇಟಿನವರೆಗೆ ಬಿಟ್ಟುಬರುತ್ತೇನೆಂದು ಪುಟ್ಟತಾಯಮ್ಮ ಜೊತೆಗೆ ಬಂದಳು. ಸೊಸೆಗೆ ಕೇಳದಷ್ಟು ದೂರ ಬಂದ ಮೇಲೆ ಕೇಳಿದಳು. "ಈಗ ಹೇಳು. ಯಾತಕ್ಕೆ ಬಂದಿದ್ದೆ? ನೀನು ಸುಮ್ ಸುಮ್ನೆ ಬರೋಳಲ್ಲ."

ಪ್ರಮೀಳಾ ಎಲ್ಲವನ್ನೂ ಹೇಳಿದಳು. ಸನ್ಮಾನ, ಅನಂತರಾಜು, ಐದು ನಿಮಿಷ, ಡಾಕ್ಟರು ಕಿಟಕಿಗೆ ಹೇಳಿದ ಮಾತು. "ನಿಮ್ಮನ್ನ ಸ್ಟೇಜ್ ಮೇಲೆ ಕರೆಯೋಣ ಅಂತ ಬಂದೆ. ಬರಬಾರದಿತ್ತು. ತಪ್ಪಾಯ್ತು."

ಪುಟ್ಟತಾಯಮ್ಮ ದಾರಿಗೆ ಬಿದ್ದಿದ್ದ ತೆಂಗಿನ ಗರಿಯನ್ನು ಬದಿಗೆ ಎಳೆದು ಹಾಕಿದಳು. "ನೀನು ಕೇಳಿದ್ರೆ ಬಂದ್ಬುಡ್ತಿದ್ದೆ ಕಣಕ್ಕ. ನಿಂಗೆ ಇಲ್ಲ ಅನ್ನಕ್ಕೆ ಆಯ್ತಿರ್ಲಿಲ್ಲ ನಂಗೆ. ಅವತ್ತು ಆಪರೇಷನ್ ಮಾಡಿದ ಆ ಡಾಕ್ಟ್ರಿಗೂ ಇಲ್ಲ ಅನ್ನಕ್ಕೆ ಆಗ್ಲಿಲ್ಲ ನೋಡು, ಹಂಗೆ. ನೀನು ಕೇಳ್ದೆ ಹೊಂಟ್ಯಲ್ಲ, ಅದೇ ಒಳ್ಳೇದಾಯ್ತು." ಬಸ್ಸು ದೂರದಲ್ಲಿ ಕಾಣಿಸಿತು. "ಯಾವತ್ತು ಅದು, ಸನ್ಮಾನ?"

"ಇಪ್ಪತ್ತೊಂದು, ಭಾನುವಾರ. ಟೌನ್‌ಹಾಲ್ ಸರ್ಕಲ್ ಹತ್ರ, ಬೆಳಿಗ್ಗೆ ಹತ್ತೂವರೆಗೆ. ನೀವು ಬನ್ನಿ ಅಂತ ಹೇಳ್ತಿಲ್ಲ."

"ನಾನೂ ಬತ್ತೀನಿ ಅಂತ ಹೇಳ್ತಿಲ್ಲ. ಹತ್ತು, ಬಸ್ಸು ಬಂತು."

ಅಂದೇ ಪ್ರಮೀಳಾ ಅನಂತರಾಜುವಿನ ಅಂಗಡಿಗೆ ಹೋಗಿ, ಯಾರೂ ಬರುವುದಿಲ್ಲ, ಐದು ನಿಮಿಷವಾದರೆ ಐದೇ ನಿಮಿಷ, ಆ 'ಫಲಾನುಭವಿಗಳು' ಎಂಬ ಸಾಲನ್ನು ಮಾತ್ರ ಓದಕೂಡದು ಎಂದು ಹೇಳಿಬಂದಳು. ಅನಂತರಾಜು ಬೇಜಾರಾದ. "ಕಾರ್ಡ್ ಪ್ರಿಂಟ್ ಆಗೋಗಿದೆಯಲ್ಲಕ್ಕ. ಆಯ್ತು, ನಿರೂಪಣೆಯೋರಿಗೆ ಹೇಳ್ತೀನಿ" ಎಂದ. ಗಿರಾಕಿಗಳ ಗಲಾಟೆಯಲ್ಲಿ ಮರೆತ.

ಭಾನುವಾರ ಸಭಾಂಗಣ ತುಂಬಿತ್ತು. ಕೆರೆಯ ಸದಾಶಿವಯ್ಯನವರ ಕಡೆಯ ಜನ ಮುಂದಿನ ಸಾಲುಗಳಲ್ಲಿ ಗಟ್ಟಿಯಾಗಿ ಕೂತಿದ್ದರು. ವೇದಿಕೆಯಲ್ಲಿ ಗಂಗಾಂಬಿಕೆ ಡಾಕ್ಟರಿಗೆ ಕೊನೆಯ ಕುರ್ಚಿ. ಕೈ ಹಿಡಿದು ಹತ್ತಿಸಲು ಜೊತೆಗೆ ಬಂದ ಪ್ರಮೀಳಾ ಅವರ ಹಿಂದೆ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕೂತು, ಸುಮ್ಮನೆ ಜನರ ಕಡೆ ನೋಡಿದಳು. ನೋಡಿದವಳ ಕಣ್ಣಿಗೆ ಒಂದೊಂದೇ ನಂಬರ್ ಕಾಣಿಸತೊಡಗಿತು.

ಬಲಗಡೆ ಕಂಬದ ಪಕ್ಕ ಹಸಿರು ಸೀರೆಯವಳು, ಎಂಬತ್ತೊಂದು. ಕುಣಿಗಲ್ಲಿನಲ್ಲಿ ಅಂಗನವಾಡಿ ಟೀಚರ್. ಅವಳಿಂದ ನಾಲ್ಕು ಸಾಲು ಹಿಂದೆ ಮೊಮ್ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡವಳು, ಇನ್ನೂರ ಆರು. ಬಾಗಿಲ ಬಳಿ ಗೂಳೂರಿನವಳು. ಗಂಡನೂ ಬಂದಿದ್ದರು, ಚಂದಾ ಕೊಡಲು ಬರುತ್ತಿದ್ದ ಅದೇ ಯಜಮಾನರು. ನಡುವೆ ಒಬ್ಬಳು, ಮೂಲೆಯಲ್ಲಿ ಇಬ್ಬರು. ಪೇಪರಿನಲ್ಲಿ ಬಂದ ಸಣ್ಣ ಸುದ್ದಿ ಯಾರ ಯಾರ ಕಣ್ಣಿಗೋ ಬಿದ್ದಿತ್ತು. ಪ್ರತಿಯೊಬ್ಬಳೂ ತಾನೊಬ್ಬಳೇ ಬಂದಿದ್ದೇನೆ ಎಂದುಕೊಂಡು ಕೂತಿದ್ದಳು. ಮೂಲೆಯಲ್ಲಿದ್ದ ಇಬ್ಬರ ಭುಜಕ್ಕೆ ಭುಜ ತಾಗುತ್ತಿತ್ತು, ಆದರೂ ಒಬ್ಬಳಿಗೆ ಇನ್ನೊಬ್ಬಳು ಯಾರೆಂದು ಗೊತ್ತಿರಲಿಲ್ಲ. ಆ ಇಡೀ ಸಭಾಂಗಣದಲ್ಲಿ ಗೊತ್ತಿದ್ದುದು ಪ್ರಮೀಳಾಳೊಬ್ಬಳಿಗೇ. ಎಣಿಸಿದಳು. ಹನ್ನೊಂದು. ಹನ್ನೊಂದನೆಯವಳು ಪುಟ್ಟತಾಯಮ್ಮ, ಪಕ್ಕದಲ್ಲಿ ಪ್ರೇಮಲತಾ. ಯಾರ ಕಣ್ಣೂ ಇವಳ ಕಣ್ಣಿನಲ್ಲಿ ನಿಲ್ಲಲಿಲ್ಲ. ಇವಳದೂ ಯಾರ ಮೇಲೂ ನಿಲ್ಲಲಿಲ್ಲ.

ಕೆರೆಯ ಸನ್ಮಾನ ಮುಕ್ಕಾಲು ಗಂಟೆ ನಡೆಯಿತು. ಆಮೇಲೆ ಡಾಕ್ಟರಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ. ನಿರೂಪಕಿ ಕಾರ್ಡನ್ನು ನೋಡಿಕೊಂಡು, ಇಂಪಾದ ದನಿಯಲ್ಲಿ ಓದಿಯೇಬಿಟ್ಟಳು. "ಈಗ ಮೇಡಂ ಅವರಿಂದ ಹೊಸ ಬದುಕು ಪಡೆದ ಫಲಾನುಭವಿಗಳು ದಯವಿಟ್ಟು ವೇದಿಕೆಗೆ ಬರಬೇಕು. ಎಲ್ಲಿದ್ದೀರಿ? ಸಂಕೋಚ ಬೇಡ, ಕೈ ಎತ್ತಿ."

ಟಿವಿಯವನ ಕ್ಯಾಮೆರಾ ಜನರ ಕಡೆ ತಿರುಗಿತು. ಹಸಿರು ಸೀರೆಯವಳು ಸೆರಗನ್ನು ಮುಖದವರೆಗೆ ಎಳೆದುಕೊಂಡಳು. ಗೂಳೂರಿನವಳು ಅರ್ಧ ಎದ್ದು ಬಾಗಿಲ ಕಡೆ ನೋಡಿದಳು. ಮೊಮ್ಮಗುವಿನ ಅಜ್ಜಿ ಮಗುವನ್ನು ಎತ್ತಿ ಎದೆಗೆ ಒತ್ತಿಕೊಂಡು ಅದರ ಹಿಂದೆ ಮರೆಯಾದಳು.

ಪ್ರಮೀಳಾ ಎದ್ದದ್ದು, ನಡೆದದ್ದು, ನಿರೂಪಕಿಯ ಕೈಯಿಂದ ಮೈಕು ತೆಗೆದುಕೊಂಡದ್ದು, ಇವು ಯಾವುವೂ ಆಮೇಲೆ ಅವಳಿಗೆ ನೆನಪಾಗಲಿಲ್ಲ. ಜನ್ಮದಲ್ಲಿ ಮೈಕು ಹಿಡಿದವಳಲ್ಲ.

"ಯಾರೂ ಬರಲ್ಲ. ಕ್ಯಾಮೆರಾ ಈ ಕಡೆ ತಿರುಗಿಸಪ್ಪ" ಎಂದಳು. ಕ್ಯಾಮೆರಾದವನು ತಿರುಗಿಸಿದ. "ನಾನು ಪ್ರಮೀಳಾ. ಮೇಡಂ ಹತ್ರ ಇಪ್ಪತ್ತೆರಡು ವರ್ಷದಿಂದ ಕೆಲಸ ಮಾಡ್ತಿದೀನಿ. ಯಾರನ್ನಾದ್ರೂ ಕರ್ಕೊಂಡ್ ಬನ್ನಿ ಅಂದಿದ್ರು, ನಾನು ಕರ್ಕೊಂಡ್ ಬಂದಿಲ್ಲ. ಮುನ್ನೂರ ಹನ್ನೆರಡು ಜನ ಹೆಂಗಸರು ಗಂಡಂಗೂ ಹೇಳದ್ದನ್ನ, ಹೆತ್ತ ತಾಯಿಗೂ ಹೇಳದ್ದನ್ನ ನನಗೆ ಹೇಳಿದ್ರು. ಹೆಸರು ಎಲ್ಲೂ ಬರಲ್ಲ ಅಂತ ನಂಬಿ ಹೇಳಿದ್ರು. ಬಂದಿಲ್ಲ. ಇವತ್ತೂ ಬರಲ್ಲ."

ಅವಳು ಒಂದು ಉಸಿರು ತೆಗೆದುಕೊಂಡಳು. "ಇನ್ನೊಂದು ಮಾತು. ಕಾರ್ಡಲ್ಲಿ ಫಲಾನುಭವಿಗಳು ಅಂತ ಹಾಕಿದಾರೆ. ಅವರು ಫಲಾನುಭವಿಗಳಲ್ಲ. ಅವರಿಗೆ ಏನೂ ಸಿಗಲಿಲ್ಲ. ಕಳ್ಕೊಂಡದ್ದು ವಾಪಸ್ ಬರಲ್ಲ. ಅದು ಗೊತ್ತಿದ್ದೂ ಕೂತು ಹೇಳಿದ್ರು, ಮುಂದಿನೋರಿಗೆ ಹೀಗಾಗದೆ ಇರ್ಲಿ ಅಂತ. ಅವರು ಹೇಳಿದ್ರು, ನಾನು ಬರ್ಕೊಂಡೆ, ಮೇಡಂ ಅದನ್ನ ಹಿಡ್ಕೊಂಡು ಒಂಬತ್ತು ವರ್ಷ ಅಲೆದ್ರು, ಬೈಸ್ಕೊಂಡ್ರು, ಬಿಡಲಿಲ್ಲ. ಈ ಕೆಲಸ ಮಾಡಿದ್ದು ಮುನ್ನೂರ ಹದಿನಾಲ್ಕು ಜನ. ಶಾಲು ಒಂದೇ ಇದೆ ಅಂತ ಮೇಡಂಗೆ ಹೊದಿಸಿದೀರಿ. ಸಂತೋಷ."

ಮೊದಲು ಚಪ್ಪಾಳೆ ಹೊಡೆದದ್ದು ಗೂಳೂರಿನ ಯಜಮಾನರು. ಆಮೇಲೆ ಕೆರೆಯ ಕಡೆಯ ಅರವತ್ತು ಜನವೂ ಹೊಡೆದರು. ಎಡಗಡೆ ನಾಗೇಶ್ ಎದ್ದು ನಿಂತು, ಪಕ್ಕದ ಅಪರಿಚಿತನ ತೋಳು ಹಿಡಿದು, "ನಮ್ಮನೆಯೋರು, ನಮ್ಮನೆಯೋರು" ಎನ್ನುತ್ತಿದ್ದದ್ದು ಅವನ ತುಟಿಗಳಲ್ಲೇ ಕಾಣಿಸುತ್ತಿತ್ತು.

ಪ್ರಮೀಳಾ ವಾಪಸು ಬಂದು ತನ್ನ ಕುರ್ಚಿಯಲ್ಲಿ ಕೂತಳು. ಡಾಕ್ಟರು ತಲೆ ತಿರುಗಿಸದೆ ಮೆಲ್ಲಗೆ ಕೇಳಿದರು.

"ಬಂದಿದಾರೇನೇ?"

"ಹ್ಞೂಂ."

"ಎಷ್ಟು?"

"ಹನ್ನೊಂದು."

ಡಾಕ್ಟರ ಬೆನ್ನು ನೆಟ್ಟಗಾಯಿತು. "ಹದಿನೇಳು?"

ಪ್ರಮೀಳಾ ಒಂದು ಕ್ಷಣ ಕಣ್ಣು ಮುಚ್ಚಿಕೊಂಡಳು. "ಕೇಳ್ಬೇಡಿ ಮೇಡಂ."

ಗಂಗಾಂಬಿಕೆ ಡಾಕ್ಟರ ಭುಜ ಅಲುಗಿತು. ನಗುತ್ತಿದ್ದರು. "ಭಲೇ, ಗಟ್ಟಿಗಿತ್ತಿ ಕಣೇ ನೀನು" ಎಂದು, ಕುರ್ಚಿಯ ಕೈ ಹಿಡಿದು ತಾವೇ ಎದ್ದರು. ಮೈಕಿನ ಹತ್ತಿರ ಹೋಗಲಿಲ್ಲ. ವೇದಿಕೆಯ ಅಂಚಿಗೆ ಬಂದು, ನಡುಗುವ ಎರಡೂ ಕೈ ಜೋಡಿಸಿ ಮೊದಲ ಸಾಲಿನ ಎಡತುದಿಯಿಂದ ಬಲತುದಿಯವರೆಗೆ ಒಂದೊಂದೇ ಮುಖ ನೋಡುತ್ತ ನಮಸ್ಕಾರ ಮಾಡಿದರು. ಆಮೇಲೆ ಎರಡನೆಯ ಸಾಲು. ಆಮೇಲೆ ಮೂರನೆಯದು. ಯಾರು ಎಂದು ಗೊತ್ತಿಲ್ಲದ್ದರಿಂದ ಯಾರನ್ನೂ ಬಿಡುವಂತಿರಲಿಲ್ಲ. ಕೆರೆಯ ಗುತ್ತಿಗೆದಾರರೂ, ಅವರ ಡ್ರೈವರುಗಳೂ, ಬಾಗಿಲಲ್ಲಿ ನಿಂತ ಕಾಫಿಯವನೂ ಅರ್ಥವಾಗದೆ ಕೈಜೋಡಿಸಿದರು. ಹಸಿರು ಸೀರೆಯವಳ ಸರದಿ ಬಂದಾಗ ಅವಳು ಸೆರಗು ಸರಿಸಿ, ಮುಖ ತೋರಿಸಿ, ಕೈಮುಗಿದಳು. ಐದು ನಿಮಿಷ ಎಂದೋ ಮುಗಿದಿತ್ತು. ಅನಂತರಾಜು ಎರಡು ಸಲ ಗಡಿಯಾರ ನೋಡಿದ. ಮೂರನೆಯ ಸಲ ನೋಡಲಿಲ್ಲ.

ಕಾರ್ಯಕ್ರಮ ಮುಗಿದು ಜನ ಊಟದ ಕಡೆ ಹೋದರು. ಪ್ರಮೀಳಾ ಡಾಕ್ಟರನ್ನು ಇಳಿಸಿ ಮುಂದಿನ ಸಾಲಿನಲ್ಲಿ ಕೂರಿಸಿ, ನೀರಿನ ಲೋಟ ಹಿಡಿಸುತ್ತಿದ್ದಳು. ಪುಟ್ಟತಾಯಮ್ಮ ಸೊಸೆಯೊಡನೆ ಅತ್ತಲೇ ಬರುವುದು ಕಾಣಿಸಿತು. ಅಭ್ಯಾಸಬಲದಿಂದ ಪ್ರಮೀಳಾ ಮುಖ ಆಚೆ ತಿರುಗಿಸಿದಳು.

"ಏನ್ ಪ್ರಮೀಳಕ್ಕ, ಊಟಕ್ಕೆ ಹೋಗ್ಲಿಲ್ವಾ?" ಪುಟ್ಟತಾಯಮ್ಮ ಎಲ್ಲರಿಗೂ ಕೇಳುವಂತೆ ಕೇಳಿದಳು. "ಇವ್ಳಿಗೆ ಬಸ್ಸಲ್ಲಿ ಬತ್ತಾ ಎಲ್ಲಾನೂ ಹೇಳ್ದೆ ಕಣಕ್ಕ. ಇಷ್ಟು ವರ್ಸ ಮುಚ್ಚಿಟ್ಟಿದ್ದು, ಗುಬ್ಬಿಯಿಂದ ತುಮ್ಕೂರಿಗೆ ಬರೋದ್ರೊಳ್ಗ್ ಮುಗೀತು. ಇಷ್ಟೇನಾ ಅನ್ನಿಸ್ತು."

ಪ್ರೇಮಲತಾಳ ಕಣ್ಣು ಕೆಂಪಾಗಿತ್ತು. ಆದರೂ ಸೊಂಟದ ಮೇಲೆ ಕೈಯಿಟ್ಟು, "ಬೆಳ್ಳಾವಿ ನೆಂಟ್ರಂತೆ, ಹೊಲ್ಗೆ ಟೀಚರಂತೆ! ಎಷ್ಟ್ ಚೆನ್ನಾಗಿ ಸುಳ್ಳ್ ಹೇಳ್ತೀರ ಇಬ್ರೂ" ಎಂದು ಗದರಿದಳು.

ಪುಟ್ಟತಾಯಮ್ಮ ಡಾಕ್ಟರ ಮುಂದೆ ನಿಂತಳು. ಏನೆಂದು ಶುರುಮಾಡುವುದೋ ತಿಳಿಯದೆ ಸೆರಗಿನ ತುದಿ ಸರಿಮಾಡಿಕೊಂಡಳು. "ಅಮ್ಮ, ನಾನು ಪುಟ್ಟತಾಯಿ ಅಂತ. ಗುಬ್ಬಿ ಕಡೆಯೋಳು. ನಂದು ಎಷ್ಟನೇ ನಂಬ್ರೋ ನಂಗೊತ್ತಿಲ್ಲ. ಇಪ್ಪತ್ತೆಂಟಕ್ಕೆ ತೆಗೆದ್ರು ನಂಗೆ. ಮೂವತ್ತೊಂದಕ್ಕೆ ರಾಗಿ ಹೊಲದಲ್ಲಿ ಬಿದ್ದು..."

"ಎಡಗೈ" ಎಂದರು ಡಾಕ್ಟರು. ಲೋಟ ಪ್ರಮೀಳಾಳ ಕೈಗೆ ಹೋಯಿತು. "ಎಡಗೈ ಮಣಿಕಟ್ಟು. ಎರಡು ಸಲ ಕಟ್ಟು ಹಾಕಿದ್ರು, ನೆಟ್ಟಗೆ ಕೂಡ್ಲಿಲ್ಲ. ಎಲ್ಲಿ, ತೋರ್ಸು ನೋಡೋಣ."

ಪುಟ್ಟತಾಯಮ್ಮ ಕೈ ಚಾಚಿದಳು. ಡಾಕ್ಟರು ಅದನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದು, ಮೂಳೆ ಸೊಟ್ಟಗೆ ಕೂಡಿದ ಜಾಗವನ್ನು ಹೆಬ್ಬೆರಳಿನಲ್ಲಿ ಮೆಲ್ಲಗೆ ಒತ್ತಿ ನೋಡಿದರು. "ಚಳೀಲಿ ನೋವು ಬರುತ್ತಾ? ಮೈ ಬಿಸಿಯಾಗೋದು ನಿಂತಿದೆಯಾ? ನಿದ್ದೆ ಹೇಗೆ? ಕೂತ್ಕೊ ಮೊದ್ಲು. ನಿಂತ್ಕೊಂಡೇ ಎಷ್ಟು ಹೇಳ್ತೀಯ, ಕೂತ್ಕೊ."

ಸಭಾಂಗಣದ ಆಳುಗಳು ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತ ಮುಂದಿನ ಸಾಲಿನವರೆಗೆ ಬಂದರು. ಅನಂತರಾಜು ಓಡಿಬಂದು ಅವರನ್ನು ತಡೆದ. "ಈ ಕಡೆ ಬಿಡ್ರಪ್ಪ, ಆಮೇಲೆ ಮಾಡಿ" ಎಂದ. ಆಮೇಲೆ ಊಟದ ಮನೆಯ ಬಾಗಿಲಿಗೆ ಹೋಗಿ, ನಾಲ್ಕು ಎಲೆ ಉಳಿಸಿ ಎಂದು ಕೂಗಿ ಹೇಳಿದ.